ಹಡಗಿನಲ್ಲಿ ಆರು ಕೊಬ್ಬರಿ

ಸಮುದ್ರ ಕೆಟ್ಟ ಮೂರನೆಯ ದಿನ ನನ್ನ ಚಪ್ಪಲಿಗಳು ತಾವಾಗಿಯೇ ಬಾಗಿಲವರೆಗೆ ಹೋಗಿ, ಏನೋ ಮರೆತಂತೆ ವಾಪಸು ಬಂದವು. ಹಿಂದೆಯೇ ಬಕೆಟ್ಟು. ನಾನು ಬಂಕ್ ತಬ್ಬಿಕೊಂಡು ನೋಡುತ್ತಿದ್ದೆ. ಬಂಕ್ ಅಂದರೆ ಗೋಡೆಗೆ ಬೆಸೆದ ಕಿರಿದಾದ ಮಂಚ. ಹಡಗಿನಲ್ಲಿ ಮೇಜು, ಕುರ್ಚಿ ಎಲ್ಲವನ್ನೂ ಬಿಗಿದಿರುತ್ತಾರೆ. ಬಿಗಿಯದೆ ಬಿಟ್ಟದ್ದು ನನ್ನನ್ನು ಮಾತ್ರ.

ಊರಿನಲ್ಲಿ ಮೊಬೈಲ್ ಇನ್ನೂ ಒಬ್ಬಿಬ್ಬರ ಕೈಯಲ್ಲಿದ್ದ ಕಾಲ. ತಿಪಟೂರಿನ ಪಕ್ಕದ ಬಿಳಿಗೆರೆಯವಳಾದ ನಾನು ಕಂಡಿದ್ದ ದೊಡ್ಡ ನೀರೆಂದರೆ ತುಂಬಿದ ಕೆರೆ. ನಾವಿಕ ಕೋರ್ಸಿಗೆ ಸೇರಿದ್ದರಿಂದ ಒಂದು ವರ್ಷ ಸರಕು ಹಡಗಿನಲ್ಲೇ ಇದ್ದು ಕಲಿಯಬೇಕಿತ್ತು. ಮಳೆಗಾಲದ ಅರಬ್ಬೀ ಸಮುದ್ರ ಎತ್ತಿ ಕುಕ್ಕತೊಡಗಿದ ಮೇಲೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮುಂದಿನ ಬಂದರಿನಲ್ಲಿ ಇಳಿಸಿಬಿಡಿ ಎಂದು ಕ್ಯಾಪ್ಟನ್‌ಗೆ ಅರ್ಜಿ ಬರೆದು ದಿಂಬಿನ ಕೆಳಗಿಟ್ಟುಕೊಂಡೆ. ಕೊಟ್ಟರೆ ನನ್ನ ಓದು ಅಲ್ಲಿಗೆ ಮುಗಿಯುತ್ತಿತ್ತು.

ತಡೆದದ್ದು ಒಂದು ಸದ್ದು. ಹಡಗು ವಾಲಿದಾಗಲೆಲ್ಲ ನನ್ನ ಡ್ರಾಯರಿನಿಂದ ಗೊಟ ಗೊಟ. ಬೆಳಗಿನ ಪಾಳಿ ಮುಗಿಸಿ ಬಂದ ಕೋಣೆಯ ಗೆಳತಿ, ಹರಿಯಾಣದ ಸುಮನ್, ರೇಗಿ ಬೋಸನ್ನರನ್ನು ಕರೆತಂದಳು. ಬೋಸನ್ ಅಂದರೆ ಡೆಕ್ಕಿನ ಆಳುಗಳ ಮೇಸ್ತ್ರಿ. ನಮ್ಮವರು ಕೇರಳದ ಹಿರಿಯರು, ಸಡಿಲವಾದದ್ದನ್ನು ಕಂಡರೆ ಅವರಿಗೆ ಆಗದು. ಡ್ರಾಯರಿನಲ್ಲಿದ್ದ ಆರು ಕಾಯಿಗಳ ನಡುವೆ ಟವೆಲ್ಲು ತುರುಕಿದರು, ಹಗ್ಗ ಬಿಗಿದರು. ಸದ್ದು ನಿಲ್ಲಲಿಲ್ಲ.

"ಒಳಗೇನಿದೆ ಮಗಳೇ?"

"ಕೊಬ್ಬರಿ," ಎಂದೆ. ಮೂರು ದಿನದಲ್ಲಿ ಮೊದಲ ಸಲ ನಗು ಬಂತು. ಅವರ ಕಡೆ ಕಾಯಿ ಒಡೆದು ಒಣಗಿಸುತ್ತಾರೆ. ನಾವು ಇಡೀ ಕಾಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿಡುತ್ತೇವೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉರುಳಾಡುತ್ತದೆ. ನಾನು ಹೊರಟಾಗ ಅಪ್ಪ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿದ್ದರು. "ಸದ್ದು ಬತ್ತೈತೆ ನೋಡವ್ವ, ಇದು ಆಗೈತೆ. ಹಸಿವಾದಾಗ ಒಡ್ಕೊ. ಚಿಪ್ಪಲ್ಲಿದ್ರೆ ಕೆಡಾಕಿಲ್ಲ."

ಬೋಸನ್ ಸುತ್ತಿಗೆ ತಂದು ಒಂದನ್ನು ಒಡೆದೇಬಿಟ್ಟರು. ತಟ್ಟೆ ಇಟ್ಟಲ್ಲಿ ನಿಲ್ಲುವಂತಿರಲಿಲ್ಲ. ದಿಂಬಿನಡಿ ಇಣುಕುತ್ತಿದ್ದ ಹಾಳೆ ಎಳೆದು, ಅದರಲ್ಲಿ ಚೂರುಗಳನ್ನು ಕಟ್ಟಿ ಕೈಗಿಟ್ಟರು. "ಮೆಲ್ಲಗೆ ಅಗಿ. ಮಲಗಬೇಡ, ಮೇಲೆ ಬಂದು ದೂರಕ್ಕೆ ನೋಡು."

ಸಮುದ್ರವೇನೂ ಸುಮ್ಮನಾಗಲಿಲ್ಲ. ಆದರೆ ಕೊಬ್ಬರಿ ಹೊಟ್ಟೆಯಲ್ಲಿ ನಿಂತಿತು. ಸಂಜೆಯ ಹೊತ್ತಿಗೆ ನನ್ನ ಅರ್ಜಿಗೆ ಎಣ್ಣೆ ಹಿಡಿದು ಅಕ್ಷರ ಕಲೆಸಿಹೋಗಿತ್ತು. ಮತ್ತೆ ಬರೆಯಲಿಲ್ಲ. ಕಾಯಿ ಆರಿಸಿದ ಅಪ್ಪ, ಒಡೆದ ಬೋಸನ್, ರೇಗಿದ ಸುಮನ್, ಮೂವರನ್ನೂ ನೆನೆದಾಗ ಈಗಲೂ ಕಣ್ಣು ತುಂಬುತ್ತದೆ.

ಉಳಿದವುಗಳಲ್ಲಿ ನಾಲ್ಕನ್ನು ಹಂಚಿಕೊಂಡು ತಿಂದೆವು. ಕೊನೆಯದನ್ನು ಒಡೆಯಲು ಸುಮನ್ನೇ ಬಿಡಲಿಲ್ಲ. ಅಷ್ಟರಲ್ಲಿ ಆ ಸದ್ದಿಲ್ಲದೆ ಅವಳಿಗೂ ನನಗೂ ನಿದ್ದೆ ಹತ್ತುತ್ತಿರಲಿಲ್ಲ.

ವರ್ಷ ಕಳೆದು ಊರಿಗೆ ಬಂದೆ. ಮುದ್ದೆ, ಹುರುಳಿಕಾಳಿನ ಸಾರು ಉಂಡು ಮಧ್ಯಾಹ್ನ ಅಟ್ಟದ ಕೆಳಗೆ ಚಾಪೆ ಹಾಸಿಕೊಂಡೆ. ನೆಲ ಕದಲಲಿಲ್ಲ. ತಲೆಯ ಮೇಲೆ ಅಷ್ಟೊಂದು ಕಾಯಿ, ಒಂದರದೂ ಸದ್ದಿಲ್ಲ. ಹೊರಳಾಡುತ್ತಿದ್ದ ನನ್ನನ್ನು ಅಪ್ಪ ಕಂಡರು.

"ಯಾಕವ್ವ, ನಿದ್ದೆ ಬರ್ಲಿಲ್ವ?"

"ಇಲ್ಲ ಕಣಪ್ಪ. ಒಂದು ಕಾಯಿ ಇಳ್ಸಿ ಅಲ್ಲಾಡ್ಸು."