ರಾಗಿ ಹಿಟ್ಟಿನ ಡಬ್ಬದಲ್ಲಿ ಸಿಕ್ಕಿದ ಕುಲಾವಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹೊಲಿಗೆ ಮೆಷಿನ್ನಿಗೆ ಬರುತ್ತಿದ್ದುದು ಒಂದೇ ಒಂದು ಹೊಲಿಗೆ, ನೇರ ಹೊಲಿಗೆ. ಮಕ್ಕಳೇ, ನಿಮ್ಮ ಮೆಷಿನ್ನಿನ ಹಾಗೆ ಗುಂಡಿ ಒತ್ತಿದರೆ ಹೂವು, ಎಲೆ, ಅಂಕುಡೊಂಕು, ಅದೆಲ್ಲ ಎಲ್ಲಿ ಬರಬೇಕು! ಆ ಒಂದೇ ಹೊಲಿಗೆಯಲ್ಲಿ ಅಪ್ಪ ಮಧುಗಿರಿಯ ಅರ್ಧ ಊರಿಗೆ ಬಟ್ಟೆ ಹೊಲಿದರು. ಅದೇ ಹೊಲಿಗೆಯಲ್ಲಿ ನಾನು ಒಂದು ದಿನ ಮನೆಯವರನ್ನೆಲ್ಲ ಅಳಿಸಿದೆ. ಹೇಳುತ್ತೇನೆ, ನಗಬಾರದು. ಸರಿ, ನಕ್ಕರೂ ಪರವಾಗಿಲ್ಲ.

ಬೆಟ್ಟದ ಬುಡದಲ್ಲಿ ನಮ್ಮ ಮನೆ. ಮಧ್ಯಾಹ್ನವಾದರೆ ಬಂಡೆಯ ಕಾವು ಜಗುಲಿಗೆ ಬಂದು ಬಡಿಯುತ್ತಿತ್ತು. ಆ ಜಗುಲಿಯ ಮೇಲೆಯೇ ಅಪ್ಪನ ಮೆಷಿನ್ನು. ಮೆಷಿನ್ ಎಣ್ಣೆ, ಸೀಮೆಸುಣ್ಣ, ಹೊಸ ಖಾಕಿ ಬಟ್ಟೆಯ ಗಂಜಿ, ಮೂರೂ ಬೆರೆತ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಮೆಷಿನ್ನಿನ ಬಲಗಡೆ ಒಂದು ಪುಟ್ಟ ಹಿಡಿ ಇತ್ತು. ಮೇಲಕ್ಕೆ ಎತ್ತಿದರೆ ಹೊಲಿಗೆ ಸಣ್ಣದು, ಕೆಳಗಿಳಿಸಿದರೆ ಉದ್ದ. ಪಕ್ಕದ ಅಂಕಿಗಳು ಎಂದೋ ಅಳಿಸಿಹೋಗಿದ್ದವು. ಯಾವ ಬಟ್ಟೆ ಬಂದರೂ ಅಪ್ಪ ಮೊದಲು ಅದನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಉಜ್ಜುತ್ತಿದ್ದರು. ಆಮೇಲೇ ಹಿಡಿ ಸರಿಸುತ್ತಿದ್ದುದು. ಖಾಕಿ ಚಡ್ಡಿಗೆ ದಪ್ಪ ಸೂಜಿ, ಉದ್ದ ಹೊಲಿಗೆ, ಕೂರುವ ಕಡೆ ಎರಡು ಸಾಲು. ಲಂಗದ ನೆರಿಗೆಗೆ ಇನ್ನೂ ಉದ್ದ. ದಾರದ ತುದಿ ಎಳೆದರೆ ಬಟ್ಟೆ ತಾನೇ ನೆರಿಗೆ ಬೀಳಬೇಕು. ತೆಳು ವಾಯಿಲ್ ರವಿಕೆಗೆ ತೆಳು ಸೂಜಿ, ಸಣ್ಣ ಹೊಲಿಗೆ. ನಾನು ಪಕ್ಕದಲ್ಲಿ ಕೂತು ಇದನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. ಕೈಚೀಲ, ದಿಂಬಿನ ಗವಸು ಹೊಲಿಯಲು ಅಪ್ಪ ಬಿಡುತ್ತಿದ್ದರು. ಅಷ್ಟಕ್ಕೇ ನನಗೆ ಬಾರದ್ದು ಯಾವುದೂ ಇಲ್ಲ ಎಂಬ ಜಂಬ.

ಆ ವರ್ಷ ಅಕ್ಕ ಪಾವಗಡದ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಗಂಡು ಮಗು. ನಾನು ಹೇಳುತ್ತಿರುವ ದಿನದ ಮಾರನೆಗೆ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ನಮ್ಮ ಮನೆಯಲ್ಲಿ ಎಳೆಗೂಸಿಗೆ ಹೊಸ ಬಟ್ಟೆ ತೊಡಿಸುತ್ತಿರಲಿಲ್ಲ. ತುಂಬು ಬಾಳು ಬಾಳಿದ ಹಿರಿಯರ ಹಳೆ ಬಟ್ಟೆಯಲ್ಲೇ ತಲೆಗೆ ಮೊದಲ ಕುಲಾವಿ ಆಗಬೇಕು, ಅವರ ಆಯುಸ್ಸು ಮಗುವಿಗೂ ಬರಲಿ ಅಂತ. ಅಕ್ಕನಿಗೂ ನನಗೂ ಅಜ್ಜಿಯ ಒಂದು ಹಳೆ ನೂಲಿನ ಸೀರೆಯಲ್ಲೇ ಬಟ್ಟೆ ಆಗಿತ್ತು. ಈಗ ಆ ಸೀರೆಯಲ್ಲಿ ಉಳಿದಿದ್ದುದು ಸಣ್ಣ ಟವೆಲಿನಷ್ಟು ಒಂದು ತುಂಡು. ಅಜ್ಜಿಗೆ ಕಣ್ಣು ಮಂಜಾಗಿತ್ತು. ಪೆಟ್ಟಿಗೆಯ ತಳದಲ್ಲಿ ತಡಕಿ ಅದನ್ನು ತೆಗೆದು ಅಕ್ಕನ ಮಡಿಲಿಗೆ ಹಾಕಿದಳು.

"ಇಷ್ಟೇ ಕಣಮ್ಮ ಉಳ್ದಿರಾದು. ನಿನ್ ಮಗೀಗೆ ಅಂತ್ಲೇ ಮಡಗಿದ್ದೆ."

ಅಪ್ಪ ಆ ತುಂಡನ್ನು ಕುಲಾವಿಗೆ ಬೇಕಾದ ಹಾಗೆ ಎರಡು ಭಾಗ ಮಾಡಿ ಕತ್ತರಿಸಿದರು. ಸೀರೆಯ ಕೆಂಪು ಅಂಚನ್ನು ಬೇರೆ ತೆಗೆದಿಟ್ಟರು. ಅಷ್ಟರಲ್ಲಿ ಕೊರಟಗೆರೆ ಬಸ್ಸಿನ ಹೊತ್ತಾಯಿತು. ಹೊಲಿದಿಟ್ಟ ಖಾಕಿ ಚಡ್ಡಿಗಳ ಗಂಟನ್ನು ಅಲ್ಲಿಗೆ ಮುಟ್ಟಿಸಬೇಕಿತ್ತು. "ಸಂಜೆ ಬಂದು ಹೊಲೀತೀನಿ, ಯಾರೂ ಮುಟ್ಬ್ಯಾಡಿ" ಎಂದು ಹೊರಟರು. ಯಾರೂ ಅಂದರೆ ಯಾರು? ನಾನೇ. ಮುಟ್ಟುವವರು ಆ ಮನೆಯಲ್ಲಿ ಇನ್ಯಾರಿದ್ದರು!

ಅಮ್ಮ ಹಿತ್ತಿಲಲ್ಲಿ ಬಾಣಂತಿಗೆ ನೀರು ಕಾಯಿಸುತ್ತಿದ್ದಳು. ನಾನು ಮೆಲ್ಲಗೆ ಮೆಷಿನ್ನಿನ ಮುಂದೆ ಕೂತೆ. ತೆಳು ಬಟ್ಟೆ ತಾನೇ, ಸಣ್ಣ ಹೊಲಿಗೆ. ಹಿಡಿಯನ್ನು ಎಷ್ಟು ಮೇಲಕ್ಕೆ ಹೋಗುತ್ತದೋ ಅಷ್ಟೂ ಎತ್ತಿದೆ. ಖಾಕಿ ಹೊಲಿದ ದಪ್ಪ ಸೂಜಿ ಅದರಲ್ಲೇ ಇತ್ತು, ಅದರ ನೆನಪೇ ಆಗಲಿಲ್ಲ. ಇರುವೆ ಸಾಲಿನ ಹಾಗೆ ಒತ್ತೊತ್ತಾಗಿ ಹೊಲಿಗೆ ಬಿತ್ತು. ಆಹಾ, ಅಪ್ಪ ಕೂಡ ಇಷ್ಟು ಚೆನ್ನಾಗಿ ಹಾಕಲಾರರು ಅಂದುಕೊಂಡು ಕುಲಾವಿಯನ್ನು ತಿರುವಿ, ನನ್ನ ಮುಷ್ಟಿಗೆ ತೊಡಿಸಿ, ಸ್ವಲ್ಪ ಅಗಲಿಸಿದೆ. ಪರ್ ಅಂತ ಸದ್ದಾಯಿತು. ಹೊಲಿಗೆಯ ಉದ್ದಕ್ಕೂ ಬಟ್ಟೆ ಸೀಳಿಹೋಗಿತ್ತು. ಅಂಚೆಚೀಟಿಗಳನ್ನು ತೂತಿನ ಸಾಲಿನಲ್ಲಿ ಬಿಡಿಸುತ್ತೇವಲ್ಲ, ಥೇಟ್ ಹಾಗೆ.

ಓಡಿಹೋಗಿ ಅದನ್ನು ರಾಗಿ ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟೆ. ನನ್ನ ಬುದ್ಧಿ ನೋಡಿ! ದಿನಾ ಸಂಜೆ ಮುದ್ದೆ ತಿನ್ನುವ ಮನೆಯಲ್ಲಿ ಬಚ್ಚಿಡಲು ನನಗೆ ಸಿಕ್ಕಿದ ಜಾಗ ಅದು.

ಸಂಜೆ ಎಸರು ಕುದಿಯುವಾಗ ಅಮ್ಮ ಡಬ್ಬಕ್ಕೆ ಕೈ ಹಾಕಿದಳು. ಆಮೇಲೆ ಕೇಳಬೇಕೆ? ಅಕ್ಕ ಆ ಹರಿದ ಬಟ್ಟೆಯನ್ನು ಹಿಡಿದುಕೊಂಡು, "ಹಾಳಾದೋಳೇ, ಇನ್ನೊಂದ್ ಎಲ್ಲಿಂದ ತರ್ಲಿ? ನನ್ ಮಗೀಗೆ ಇದ್ದಿದ್ದು ಅದೊಂದೇ ಕಣೇ!" ಎಂದು ಅಳತೊಡಗಿದಳು. ಅಕ್ಕ ಅತ್ತಳೆಂದು ಮಗು ಅತ್ತಿತು, ಮಗು ಅತ್ತಿತೆಂದು ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನಂತೂ ಮೆಷಿನ್ನಿನ ಕೆಳಗೆ ಸೇರಿಕೊಂಡು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಅಪ್ಪ ಬಂದರು.

ಏಟು ಬೀಳುತ್ತದೆ ಅಂತಲೇ ನಾನು ಕಣ್ಣು ಮುಚ್ಚಿದ್ದೆ. ಅಪ್ಪ ಬಟ್ಟೆಯ ಹಿಟ್ಟು ಕೊಡವಿ, ಸೀಳಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರು.

"ಇಷ್ಟ್ ಸಣ್ ಹೊಲಿಗೆ ಯಾಕ್ ಹಾಕ್ದೆ?"

"ತೆಳು ಬಟ್ಟೆ ಅಲ್ವಾ ಅಪ್ಪ? ನೀನೇ ಅಂಗಂದಿದ್ದೆ."

"ಅಂದಿದ್ದೆ, ದಿಟ. ವಾಯಿಲ್ ಹುಟ್ತಲೇ ತೆಳ್ಳಗೆ ಕಣಮ್ಮ. ಇದು ಸವೆದೂ ಸವೆದೂ ತೆಳ್ಳಗಾಗಿರಾದು, ನಮ್ಮವ್ವ ಇದ್ದಂಗೆ. ಇದನ್ನ ಅಷ್ಟೊಂದ್ ಚುಚ್ಚಬಾರ್ದು."

"ಲೇ, ನಡುವ್ಕೆ ನನ್ನನ್ಯಾಕ್ಲಾ ಎಳೀತೀಯ?" ಎಂದಳು ಮೂಲೆಯಲ್ಲಿದ್ದ ಅಜ್ಜಿ. ಅಳುತ್ತಿದ್ದ ಅಕ್ಕನಿಗೂ ನಗು ಬಂದುಬಿಟ್ಟಿತು.

ಅಪ್ಪ ನನ್ನ ಕೈ ಹಿಡಿದು ಎಬ್ಬಿಸಿದರು. "ಮೆಷಿನ್ ಮುಂದೆ ಕೂತ್ಕೋ."

"ಮತ್ತೆ ಅವಳ ಕೈಗೇ ಕೊಡ್ತೀಯಾ ಅಪ್ಪ?" ಎಂದು ಅಕ್ಕ ಗಾಬರಿಯಾದಳು.

"ಹೂಂ ಕಣಮ್ಮ, ಅವಳ ಕೈಗೇ. ಈಗ ಎದ್ದೋದ್ರೆ ಇನ್ಮೇಲೆ ಇವಳು ಮೆಷಿನ್ನೇ ಮುಟ್ಟಾಕಿಲ್ಲ."

ಅಪ್ಪ ಸೀಳಿದ ಅಂಚನ್ನು ಕತ್ತರಿಸಿ ತೆಗೆದರು. ಕುಲಾವಿ ಎರಡು ಬೆರಳಷ್ಟು ಚಿಕ್ಕದಾಯಿತು. ಇನ್ನೊಮ್ಮೆ ತಪ್ಪಿದರೆ ಕತ್ತರಿಸಲು ಬಟ್ಟೆಯೇ ಇರಲಿಲ್ಲ. ತೆಳು ಸೂಜಿ ಹಾಕಿ, ದಾರ ಸಡಿಲ ಮಾಡಿಕೊಟ್ಟರು. ಬಟ್ಟೆಯನ್ನು ನನ್ನ ಬೆರಳುಗಳಿಂದಲೇ ಉಜ್ಜಿಸಿ ನೋಡಿಸಿದರು. ಹಿಡಿಯನ್ನೂ ನನ್ನಿಂದಲೇ ಕೆಳಗಿಳಿಸಿದರು. ಹೊಲಿಗೆಯ ಮಡಿಕೆ ಮಗುವಿನ ತಲೆಗೆ ಒತ್ತದಂತೆ ಅದನ್ನು ಹೊರಮೈಗೆ ಇಡಿಸಿದರು. ಅದರ ಮೇಲೆ ಆ ಕೆಂಪು ಅಂಚಿನ ಪಟ್ಟಿ ಬಂತು, ಎಳೆತವೆಲ್ಲ ಗಟ್ಟಿ ಪಟ್ಟಿಯ ಮೇಲೆ ಬೀಳಲಿ ಅಂತ. ನಾನು ಉಸಿರು ಬಿಗಿಹಿಡಿದು, ಒಂದೊಂದೇ ಹೊಲಿಗೆ ನೋಡುತ್ತಾ ತುಳಿದೆ. ಮುಗಿದಾಗ ನನ್ನ ಲಂಗವೆಲ್ಲ ಬೆವರಿನಲ್ಲಿ ಒದ್ದೆ.

ಅಜ್ಜಿ ಕುಲಾವಿಯ ಒಳಗೆ ಕೈಯಾಡಿಸಿ, ಕೆನ್ನೆಗೆ ಒತ್ತಿಕೊಂಡು ನೋಡಿದಳು. "ಎಲ್ಲೂ ಚುಚ್ಚಾಕಿಲ್ಲ. ಹಾಕ್ರಮ್ಮ ಮಗೀಗೆ." ಅಕ್ಕ ಮಗುವಿನ ತಲೆಗೆ ಹಾಕಿದಳು. ಅಳತೆ ತೆಗೆದಂತೆ ಕೂತಿತು! ಅಕ್ಕ ನನ್ನನ್ನು ಎಳೆದು ತಬ್ಬಿಕೊಂಡಳು. ನನ್ನ ಮೂಗಿಗಂಟಿದ್ದ ರಾಗಿ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಇಷ್ಟು ವರ್ಷವಾದರೂ ಆ ಸಂಜೆಯನ್ನು ನೆನೆದರೆ ಅಪ್ಪನಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಆ ಮಗು ಯಾರು ಗೊತ್ತೇ? ನಿಮ್ಮ ಪಾವಗಡದ ದೊಡ್ಡಪ್ಪ. ಕುಲಾವಿ ಇನ್ನೂ ಅವನ ಬೀರುವಿನಲ್ಲಿದೆ. "ಕೂದ್ಲೆಲ್ಲಾ ಹೋಯ್ತು ಚಿಕ್ಕಮ್ಮ, ನೀನ್ ಹೊಲ್ದಿದ್ದು ಮಾತ್ರ ಬಿಚ್ಕಂಡಿಲ್ಲ" ಎಂದು ಬೋಳುತಲೆ ಸವರಿಕೊಂಡು ನಗುತ್ತಾನೆ.

ನಿಮ್ಮ ಮೆಷಿನ್ನು ಕರೆಂಟಿನದು. ನೀವು ಹಾಕುವ ಟೀ ಶರ್ಟಿನ ಹಿಗ್ಗುವ ಬಟ್ಟೆಗೂ ಅದರಲ್ಲಿ ಹಿಗ್ಗುವ ಹೊಲಿಗೆ ಇದೆ. ಅಪ್ಪ ಇದ್ದಿದ್ದರೆ ಮಗುವಿನ ಹಾಗೆ ಎಲ್ಲ ಗುಂಡಿ ಒತ್ತಿ ನೋಡುತ್ತಿದ್ದರು. ಬಟ್ಟೆ ಹರಿದರೆ ನೀವು ಮೊಬೈಲಿನಲ್ಲಿ ಇನ್ನೊಂದು ತರಿಸಿಕೊಳ್ಳುತ್ತೀರಿ. ಒಳ್ಳೆಯದೇ, ನಮಗಿದ್ದ ಹೆದರಿಕೆ ನಿಮಗಿಲ್ಲ ಅಂದುಕೊಂಡಿದ್ದೆ.

ಆದರೆ ಪುಟ್ಟಿ, ಮೊನ್ನೆಯಿಂದ ನನ್ನ ಹಳೆಯ ನೂಲಿನ ಸೀರೆ ಕಾಣುತ್ತಿಲ್ಲ. ನಿನ್ನ ಮಂಚದ ಕೆಳಗಿನ ಶೂ ಡಬ್ಬದಲ್ಲಿ, ಅದೇ ಸೀರೆ ಕತ್ತರಿಸಿ ಹೊಲಿದ ಗೊಂಬೆಯ ಹರಿದ ಲಂಗವನ್ನು ನಾನು ನೋಡಿದೆ ಕಣೇ. ಅಳಬೇಡ. ಬಚ್ಚಿಡುವುದರಲ್ಲಿ ನೀನು ನನಗಿಂತ ಜಾಣೆ, ಅಷ್ಟಂತೂ ಒಪ್ಪಿದೆ. ಹೋಗು, ತಗೊಂಡು ಬಾ. ಮೆಷಿನ್ ಮುಂದೆ ಕೂತ್ಕೋ, ನಾನು ಪಕ್ಕದಲ್ಲಿ ಕೂರುತ್ತೇನೆ.