ಟೈಲರಮ್ಮನ ಹಳೇ ಟೇಪು

ಅಂಗಡಿಯ ಮೆಟ್ಟಿಲು ಹತ್ತುವವರ ಸೊಂಟದ ಅಳತೆಯನ್ನು ಕಣ್ಣಲ್ಲೇ ಹೇಳಿಬಿಡುವ ಹೆಂಗಸು ಟೈಲರಮ್ಮ. ಹದಿನೈದು ವರ್ಷದಿಂದ ಶಾಲೆಯ ಯೂನಿಫಾರಂ ಹೊಲಿದು ಪಳಗಿದ ಕಣ್ಣು ಅದು. ಆದರೆ ಸ್ವಂತ ಮಗಳ ಹೊಟ್ಟೆಯ ವಿಷಯಕ್ಕೆ ಬಂದರೆ ಆ ಕಣ್ಣನ್ನು ಅವಳೇ ನಂಬುತ್ತಿರಲಿಲ್ಲ.

ಮಗಳಿಗೆ ಎಂಟು ವರ್ಷ. ಬಾಯಿ ತೆರೆದರೆ ನಿಲ್ಲುವುದಿಲ್ಲವೆಂದು ಎಲ್ಲರೂ ಪಟಾಕಿ ಎನ್ನುತ್ತಿದ್ದರು. ಹುಟ್ಟುವಾಗಲೇ ತಾಯಿಯಿಂದ ಅವಳಿಗೆ ಹೆಪಟೈಟಿಸ್ ಬಿ ವೈರಸ್ ಅಂಟಿತ್ತು. ತನ್ನೊಳಗೆ ಅಂಥದ್ದೊಂದು ಇದೆಯೆಂದು ತಾಯಿಗೆ ಆಮೇಲೆ ತಿಳಿದದ್ದು. ಪಟಾಕಿ ಉಂಡುಟ್ಟು ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದಳು. ಆದರೂ ಲಿವರ್ ಸದ್ದಿಲ್ಲದೆ ಕೆಡಬಹುದು, ತೀರಾ ಕೆಟ್ಟರೆ ಹೊಟ್ಟೆ ಊದುತ್ತದೆ ಎಂದು ಡಾಕ್ಟರು ಹಿಂದೊಮ್ಮೆ ಹೇಳಿದ್ದರು. ಟೈಲರಮ್ಮನ ತಲೆಯಲ್ಲಿ ಕೂತದ್ದು ಆ ಕೊನೆಯ ಮಾತು ಮಾತ್ರ.

ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಮಗಳ ಹೊಟ್ಟೆಗೆ ಟೇಪು ಸುತ್ತುವಳು. "ಕೈ ಎತ್ತು, ಉಸಿರು ಹಿಡೀಬೇಡ" ಎನ್ನುವಳು. ಬಂದ ಅಳತೆಯನ್ನು ಬೀರುವಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುವಳು. ಮೂರು ತಿಂಗಳಿಂದ ಇಪ್ಪತ್ತೆರಡು ಇಂಚು ಕದಲಿರಲಿಲ್ಲ.

ಟೇಪಿನ ತುದಿಯ ತಗಡು ಉದುರಿತೆಂದು ಹೊಸದು ತಂದ ವಾರ ಇಪ್ಪತ್ತೆರಡೂವರೆ ಬಂತು. ಮೂರು ಸಲ ಸುತ್ತಿದರೂ ಅಷ್ಟೇ. ಅರ್ಧ ಇಂಚು ಎಷ್ಟು ದೊಡ್ಡದೆಂದು ಟೈಲರಿಗೆ ಹೇಳಿಕೊಡಬೇಕೇ? ಮರುದಿನ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಓಡಿದಳು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ರಕ್ತ ತೆಗೆಸಿ, ಎರಡು ದಿನ ಬಿಟ್ಟು ಬರಹೇಳಿದರು.

ಮಾರನೆಯ ದಿನ ಅಂಗಡಿ ತೆರೆದಳು. ಅರೆಮನಸ್ಸಿನಲ್ಲಿ ಲಂಗ ಕತ್ತರಿಸಲು ಕೂತವಳು ಹಳೇ ರಟ್ಟಿನ ಅಚ್ಚಿನ ಮೇಲೆ ಹೊಸ ಟೇಪು ಇಟ್ಟಳು, ತಾಳೆಯಾಗಲಿಲ್ಲ. ಎರಡೂ ಟೇಪುಗಳನ್ನು ಜೋಡಿಸಿ ಹಾಸಿದಳು. ಹಳೆಯದು ಎಳೆದೆಳೆದು ಉದ್ದವಾಗಿತ್ತು; ಅದರ ಇಪ್ಪತ್ತೆರಡು ಇಂಚು ಹೊಸದರಲ್ಲಿ ಇಪ್ಪತ್ತೆರಡೂವರೆ. ಅದರಲ್ಲೇ ಅಳೆದು ಅದರಲ್ಲೇ ಕತ್ತರಿಸುತ್ತಿದ್ದರಿಂದ ಬಟ್ಟೆಗಳೆಲ್ಲ ಸರಿಯಾಗಿ ಕೂತು, ಯಾರಿಗೂ ಗುಟ್ಟು ತಿಳಿದಿರಲಿಲ್ಲ. ಒಬ್ಬಳೇ ನಕ್ಕಳು. ನಗು ಮುಗಿಯುವ ಮೊದಲೇ ಹಳೆಯದನ್ನು ಸುತ್ತಿ ಮೂಲೆಗೆಸೆದಳು. ಇಷ್ಟು ಭಾನುವಾರ ತಾನು ನೆಮ್ಮದಿಯಾಗಿದ್ದದ್ದು ಈ ಸುಳ್ಳು ಟೇಪನ್ನು ನಂಬಿಯೇ?

ರಿಪೋರ್ಟು ಬಂತು. ಸದ್ಯಕ್ಕೆ ಲಿವರಿಗೆ ಏನೂ ಆಗಿರಲಿಲ್ಲ. ಟೈಲರಮ್ಮ ನಾಚಿಕೊಂಡು ಟೇಪಿನ ಕತೆ ಹೇಳಿದಳು. ಡಾಕ್ಟರು ನಗಲಿಲ್ಲ.

"ನೋಡಮ್ಮ, ಹೊಟ್ಟೆ ಊದೋವರೆಗೂ ಕಾಯೋ ಕಾಯಿಲೆ ಅಲ್ಲ ಇದು. ಟೇಪಲ್ಲಿ ಗೊತ್ತಾಗಲ್ಲ, ಆರು ತಿಂಗಳಿಗೊಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಅಂದಹಾಗೆ, ನಿಮ್ಮದು ಯಾವಾಗ ಮಾಡಿಸಿದ್ರಿ?"

ಎಂಟು ವರ್ಷದಲ್ಲಿ ತನ್ನ ಲಿವರಿನ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಪಟಾಕಿ ಅಮ್ಮನ ಕೊರಳಲ್ಲಿದ್ದ ಟೇಪು ಎಳೆದುಕೊಂಡು ಅವಳ ಹೊಟ್ಟೆಗೆ ಸುತ್ತಿದಳು.

"ಕೈ ಎತ್ತಮ್ಮ. ಉಸಿರು ಹಿಡೀಬೇಡ."

ಟೈಲರಮ್ಮ ಕೈಯೆತ್ತಿದಳು. ಉಸಿರು ಬಿಡಲು ಮಾತ್ರ ಅವಳಿಂದ ಆಗಲಿಲ್ಲ.