ಅಮ್ಮನ ಬೆರಳಿಗೆ ಗ್ರೀನ್ ಟೀ

ಬೆಳಗ್ಗೆ ಎದ್ದರೆ ಅಮ್ಮನಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಗೆಣ್ಣುಗಳು ಊದಿಕೊಂಡು ಬಿಸಿಯಾಗಿರುತ್ತಿದ್ದವು. ಶಿವಾಜಿನಗರದ ಟೈಲರ್ ಒಬ್ಬರಿಗೆ ಬ್ಲೌಸಿನ ಹುಕ್ಕು, ಸೀರೆಯ ಫಾಲ್ ಹೊಲಿದುಕೊಡುವುದು ಅವಳ ಕೆಲಸ. ಹೀಗೇ ತಡವಾದರೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಅವರು ಮೆತ್ತಗೆ ಹೇಳಿಯೂ ಆಗಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಎದ್ದು ಕೂತದ್ದೇ ಆ ಕೆಲಸದಿಂದ. ಅದು ಕೈಬಿಟ್ಟರೆ ಅವಳ ಗತಿ ಏನು ಎಂದು ನನಗೆ ಭಯವಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು ಅದು. ನಾನೊಂದು ಪ್ರಯೋಗಾಲಯದಲ್ಲಿ ಸಹಾಯಕಿ. ಹಲಸೂರಿನ ಮನೆಯಿಂದ ಬಸ್ಸು ಹಿಡಿದು ಹೋಗಿ, ರೋಗದ ವಿರುದ್ಧ ಕಾದಾಡುವ ಇಲಿಯ ಜೀವಕೋಶಗಳನ್ನು ತಟ್ಟೆಗಳಲ್ಲಿ ಸಾಕುತ್ತಿದ್ದೆ. ಬ್ಯಾಕ್ಟೀರಿಯಾದ ಹೊರಕವಚದ ಚೂರು ತಗುಲಿಸಿದರೆ ಸಾಕು, ಅವು ಸಿಟ್ಟಿಗೆದ್ದು ಉರಿಯೂತ ತರುವ ರಾಸಾಯನಿಕಗಳನ್ನು ಸುರಿಸುತ್ತಿದ್ದವು. ಒಂದು ದಿನ, ಆ ಚೂರು ತಗುಲಿಸುವ ಮೊದಲೇ ಗ್ರೀನ್ ಟೀ ಸತ್ವ ಹಾಕಿಟ್ಟಿದ್ದ ತಟ್ಟೆ ನೋಡಿದರೆ, ಅದೇ ಜೀವಕೋಶಗಳು ಹೆಚ್ಚುಕಡಿಮೆ ತೆಪ್ಪಗಿವೆ! ಎಲೆಯೊಂದರ ಒಗರಿಗೆ ಇಷ್ಟು ತಾಕತ್ತೇ? ಮೂರು ಸಲ ನೋಡಿದೆ. ಸಂಜೆ ಇಂದಿರಾನಗರದಲ್ಲಿ ಇಳಿದು ಒಂದು ಪೊಟ್ಟಣ ಗ್ರೀನ್ ಟೀ ಕೊಂಡೆ.

"ಇದೇನೇ, ಹುಲ್ಲು ಬೇಯಿಸಿದ ನೀರು! ಒಂದು ತೊಟ್ಟು ಹಾಲಾದ್ರೂ ಹಾಕೇ," ಎಂದಳು ಅಮ್ಮ.

"ಹಾಲು ಹಾಕಿದ್ರೆ ಅದರ ಸತ್ವಾನೆಲ್ಲ ಹಾಲೇ ಹಿಡ್ಕೊಂಡ್ಬಿಡುತ್ತೆ ಕಣಮ್ಮ."

"ಸರಿ, ಕುಡಿದಿದ್ದು ಹೊಟ್ಟೆಗೆ ಹೋಯ್ತು. ಅಲ್ಲಿಂದ ಬೆರಳಿಗೆ ಎಷ್ಟು ಹೋಗುತ್ತೆ?"

ನಾನು ನಕ್ಕುಬಿಟ್ಟೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಕೇಳಿದ್ದು ದೊಡ್ಡ ದೊಡ್ಡವರೂ ತಲೆ ಕೆರೆದುಕೊಳ್ಳುವ ಪ್ರಶ್ನೆ. ನಾವು ತಟ್ಟೆಗೆ ಸುರಿಯುವಷ್ಟು ಸತ್ವ, ಕುಡಿದವರ ರಕ್ತಕ್ಕೆ ಎಲ್ಲಿ ಸೇರುತ್ತದೆ? ಆದರೆ ಆಗ ನನಗೆ ಜಂಬ. "ಸುಮ್ನೆ ಕುಡಿಯಮ್ಮ," ಎಂದು ಗದರಿದೆ.

ಮರೆಯದಿರಲಿ ಎಂದು ಊಟವಾದ ತಕ್ಷಣ, ರಕ್ತ ಕಮ್ಮಿಯೆಂದು ಡಾಕ್ಟರು ಮೊದಲೇ ಕೊಟ್ಟಿದ್ದ ಮಾತ್ರೆ ನುಂಗುವ ಹೊತ್ತಿಗೇ ಟೀ ಗೊತ್ತು ಮಾಡಿದೆ. ದಿನಾ ಬೆಳಗ್ಗೆ ಏಳಕ್ಕೆ ಅವಳು ಸೂಜಿಗೆ ದಾರ ಪೋಣಿಸಬೇಕು. ಎಷ್ಟು ಹೊತ್ತು ಹಿಡಿಯಿತೆಂದು ನಾನು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಮೂರನೇ ವಾರಕ್ಕೆ ಆ ಹೊತ್ತು ಅರ್ಧಕ್ಕಿಳಿಯಿತು. ನಾನು ಅಡುಗೆಮನೆಯಲ್ಲೇ ಕುಣಿದಾಡಿದೆ. ಲ್ಯಾಬಿನಲ್ಲೂ ಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ಮುಂದಿನ ತಿಂಗಳು ಅಮ್ಮ ಮೆಟ್ಟಿಲು ಹತ್ತುವಾಗ ಏದುಸಿರು ಬಿಡತೊಡಗಿದಳು. ಮಧ್ಯಾಹ್ನ ಸೀರೆ ತೊಡೆಯ ಮೇಲಿಟ್ಟುಕೊಂಡೇ ತೂಕಡಿಸುತ್ತಿದ್ದಳು. ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತಪರೀಕ್ಷೆ ಮಾಡಿಸಿ, ಹುಬ್ಬು ಗಂಟಿಕ್ಕಿದರು.

"ರಕ್ತ ಇನ್ನೂ ಕಮ್ಮಿಯಾಗಿದೆಯಲ್ಲಮ್ಮ. ಕಬ್ಬಿಣದ ಮಾತ್ರೆ ತಗೋತಿಲ್ವಾ?"

"ದಿನಾ ತಗೋತೀನಿ ಡಾಕ್ಟ್ರೇ. ಇವಳು ಕೊಡೋ ಟೀ ಜೊತೆಗೇ," ಎಂದು ಅಮ್ಮ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದಳು.

ಅಯ್ಯೋ ದೇವರೇ! ಟೀಯ ಆ ಒಗರೇ ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಇದು ನನಗೆ ಗೊತ್ತಿತ್ತು. ಟೀ ನೀರಿಗೆ ಕಬ್ಬಿಣದ ಲವಣ ಬಿದ್ದರೆ ಶಾಯಿಯಂತೆ ಕಪ್ಪಾಗುವುದನ್ನು ಕಣ್ಣಾರೆ ಕಂಡಿದ್ದೆ. ಹಾಲು ಏನನ್ನು ಹಿಡಿಯುತ್ತದೆ ಎಂದು ಪಾಠ ಮಾಡಿದವಳಿಗೆ ಟೀ ಏನನ್ನು ಹಿಡಿಯುತ್ತದೆ ಎನ್ನುವುದು ಹೊಳೆಯಲೇ ಇಲ್ಲ. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ.

ಡಾಕ್ಟರು ಕೀಲುನೋವಿಗೆ ಬೇರೆ ಔಷಧ ಬರೆದುಕೊಟ್ಟರು. ಮಾತ್ರೆಗೂ ಟೀಗೂ ನಡುವೆ ಎರಡು ಗಂಟೆಯಾದರೂ ಇರಲಿ ಎಂದರು. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತಾಗ ನಾನು ಹಟ ಬಿಡದೆ ಹೇಳಿದೆ: "ಆದ್ರೂ ಬೆರಳು ವಾಸಿಯಾಗಿದೆಯಲ್ಲಮ್ಮ. ನಾನು ಬರ್ಕೊಂಡಿದ್ದೀನಲ್ಲ?"

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಬೈಬೇಡ ಕಣೇ. ನೀನು ಏಳೋಕೆ ಮುಂಚೆ ಎದ್ದು, ಬಿಸಿನೀರಲ್ಲಿ ಕೈ ಅದ್ಕೊಂಡು ಕೂರ್ತಿದ್ದೆ. ಕೆಲಸ ಹೋಗುತ್ತೆ ಅಂತ ನನಗಿಂತ ನೀನೇ ಜಾಸ್ತಿ ಹೆದರಿದ್ದೆಯಲ್ಲ."